ಹೊಟ್ಟು ರೆಕಾರ್ಡ್ಸ್ ಮತ್ತು ನನ್ನ ಗಂಟಲು

ಸ್ವಂತ ಮನೆಯಲ್ಲಿ, ಸ್ವಂತ ಗಂಟಲಿನಿಂದ, ಬೇಕೆನಿಸಿದಾಗ ಕೆಮ್ಮುವುದು ಮನುಷ್ಯನ ಮೂಲಭೂತ ಹಕ್ಕುಗಳಲ್ಲಿ ಒಂದು ಎಂದು ನಾನು ಬಹುಕಾಲ ನಂಬಿದ್ದೆ. ಹಕ್ಕುಗಳ ಸ್ವಭಾವವೇ ವಿಚಿತ್ರ. ಇರುವಷ್ಟು ದಿನ ಅವುಗಳ ಮುಖವನ್ನೂ ನಾವು ನೋಡುವುದಿಲ್ಲ. ಹೋದ ಮೇಲೆ ಎದೆ ಬಡಿದುಕೊಳ್ಳುತ್ತೇವೆ. ನನ್ನ ಕೆಮ್ಮಿನ ಹಕ್ಕನ್ನು ಕಸಿದುಕೊಂಡದ್ದು ಸರ್ಕಾರವಲ್ಲ, ವೈದ್ಯರೂ ಅಲ್ಲ. ಒಂದು ರಾಕ್ ಸಂಗೀತದ ರೆಕಾರ್ಡ್ ಕಂಪನಿ. ಕಂಪನಿ ಇರುವುದು ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಅದರ ಒಡತಿ ನನ್ನ ಸೊಸೆ ಸವಿತಾ. ಆದ್ದರಿಂದ ಎದೆ ಬಡಿದುಕೊಳ್ಳುವುದಿದ್ದರೂ ಸದ್ದಾಗದಂತೆ ಬಡಿದುಕೊಳ್ಳಬೇಕು.

ಈ ಪ್ರಬಂಧ ಬರೆಯಲು ಕಾರಣ ಮೊನ್ನೆ ಸಂಜೆ ನಮ್ಮ ಮನೆಗೆ ಬಂದ ಒಬ್ಬ ಸಂಶೋಧಕ. ಕಾಲೇಜಿನವನೋ ವಿಶ್ವವಿದ್ಯಾಲಯದವನೋ ನನಗೆ ಸರಿಯಾಗಿ ತಿಳಿಯಲಿಲ್ಲ. ಪಡಸಾಲೆಯಲ್ಲಿ ನನ್ನೆದುರು ಕೂತು, "ಈ ಸಣ್ಣ ಸ್ವತಂತ್ರ ರಾಕ್ ಸಂಸ್ಥೆ ನಮ್ಮ ಭಾಗದ ಸಂಸ್ಕೃತಿಯ ಮೇಲೆ ಬೀರಿದ ಪ್ರಭಾವ ಏನಂತೀರಿ ಸರ?" ಎಂದು ಕೇಳಿದ. ನನ್ನ ಬಳಿ ಉತ್ತರ ಬೇಕಾದಷ್ಟಿತ್ತು. ಆದರೆ ಆ ಹೊತ್ತಿಗೆ ಮೆಟ್ಟಿಲ ಬಾಯಲ್ಲಿ ಕೆಂಪು ದೀಪ ಹತ್ತಿತು. ಕೆಂಪು ದೀಪ ಹತ್ತಿದರೆ ಮೇಲೆ ಹಾಡಿನ ಧ್ವನಿಮುದ್ರಣವಾಗುತ್ತಿದೆ, ಕೆಳಗೆ ಯಾರೂ ಉಸಿರೆತ್ತಬಾರದು ಎಂದರ್ಥ. ನಾನು ಕೈಸನ್ನೆಯಿಂದ ಉತ್ತರ ಕೊಟ್ಟೆ. ಅವನು ತಲೆದೂಗಿ ಏನೋ ಬರೆದುಕೊಂಡು ಹೋದ. ಏನು ಬರೆದುಕೊಂಡನೋ ದೇವರಿಗೇ ಗೊತ್ತು. ನಾನು ಹಣೆ ಚಚ್ಚಿಕೊಂಡದ್ದನ್ನು ಅವನು 'ಗಾಢ ಪ್ರಭಾವ' ಎಂದು ಬರೆದುಕೊಂಡಿದ್ದರೆ ಅದು ನನ್ನ ತಪ್ಪಲ್ಲ.

ಮೊದಲು ನನ್ನ ಗಂಟಲಿನ ವಿಷಯ ಹೇಳಬೇಕು. ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜಿನಲ್ಲಿ ನಮ್ಮದೊಂದು ಅಡತಿ ಅಂಗಡಿಯಿದೆ. ರೈತರು ತಂದ ತೊಗರಿಯನ್ನು ಅಂಗಡಿಯ ಮುಂದೆ ರಾಶಿ ಹಾಕಿ, ಖರೀದಿದಾರರ ನಡುವೆ ನಿಂತು ಹರಾಜಿನ ಸವಾಲು ಕೂಗಿ ಮಾರಿಸಿಕೊಡುವ ವ್ಯವಹಾರ. ಸವಾಲು ಕೂಗುತ್ತಿದ್ದವನು ನಾನು. ಲಾರಿಯ ಹಾರ್ನು, ಹಮಾಲರ ಕೂಗಾಟ, ಬೇಳೆ ಮಿಲ್ಲಿನ ಘರಘರ ಇವೆಲ್ಲವನ್ನೂ ಮೀರಿ ಆ ತುದಿಯ ಅಂಗಡಿಯ ಮಾರವಾಡಿಗೆ ಕೇಳಿಸುವಂತೆ "ಒಂದ್ ಸಾರಿ! ಎರಡ್ ಸಾರಿ!" ಎನ್ನಬೇಕಾದರೆ ಗಂಟಲು ಎಂಥದ್ದಿರಬೇಕು, ನೀವೇ ಊಹಿಸಿ. ಈಗ ಬೆಲೆ ಕಂಪ್ಯೂಟರಿನಲ್ಲಿ ಬೀಳುತ್ತದೆ. ಅಂಗಡಿಯಲ್ಲಿ ಮಗ ಕೂರುತ್ತಾನೆ, ಬಾಯಿ ತೆರೆಯದೆಯೇ ದಿನದ ವ್ಯಾಪಾರ ಮುಗಿಸಿ ಬರುತ್ತಾನೆ. ನನ್ನ ಗಂಟಲು ನಿವೃತ್ತವಾಯಿತು. ನಿವೃತ್ತರಾದವರಿಗೆ ಏನಾದರೊಂದು ಹವ್ಯಾಸ ಬೇಕಲ್ಲ, ಗಂಟಲಿಗೂ ಬೇಕಾಯಿತು. ಬೆಳಗಿನ ಚಹಾ ಆದ ಮೇಲೆ ಪಡಸಾಲೆಯಲ್ಲಿ ಕೂತು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುವ ಪದ್ಧತಿ ಇಟ್ಟುಕೊಂಡೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾಂತಾಬಾಯಿ ಕೇಳುತ್ತಿದ್ದಳು. ಅಥವಾ ಕೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಇಪ್ಪತ್ತು ಚೀಲ ತೊಗರಿಯನ್ನು ಮಾರಿಸುತ್ತಿದ್ದ ದನಿಯಲ್ಲಿ ಮುನ್ಸಿಪಾಲಿಟಿಯ ನೀರಿನ ಪ್ರಕಟಣೆಯನ್ನು ಓದುವುದರಲ್ಲಿ ಒಂದು ಘನತೆಯಿತ್ತು.

ಆ ಘನತೆಗೆ ಕಲ್ಲು ಬಿದ್ದದ್ದು ಸವಿತಾ ರೆಕಾರ್ಡ್ ಕಂಪನಿ ತೆರೆದಾಗ. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಭೌತಶಾಸ್ತ್ರ ಕಲಿಸುವವರು ಸಂಜೆಗೆ ಟ್ಯೂಷನ್ ಹೇಳುತ್ತಾರೆಂದು ನಾನು ಕೇಳಿದ್ದೆ, ರಾಕ್ ಕಂಪನಿ ತೆರೆಯುತ್ತಾರೆಂದು ಕೇಳಿರಲಿಲ್ಲ. ಅವಳ ಪಾಲುದಾರ ನಸೀರ. ಅವನ ಮನೆತನ ಮೂರು ತಲೆಮಾರಿನಿಂದ ಮದುವೆ ಮೆರವಣಿಗೆಗಳಿಗೆ ಮೈಕು, ಶಾಮಿಯಾನ ಬಾಡಿಗೆಗೆ ಕೊಡುತ್ತ ಬಂದದ್ದು. ಊರಿಗೆಲ್ಲ ಗದ್ದಲ ಸರಬರಾಜು ಮಾಡಿದ ವಂಶದ ಕುಡಿ. ಇಬ್ಬರೂ ಸೇರಿ ಇಟ್ಟ ಹೆಸರು 'ಹೊಟ್ಟು ರೆಕಾರ್ಡ್ಸ್'. ನನ್ನ ಮೈಗೆ ಬೆಂಕಿ ಬಿದ್ದಂತಾಯಿತು. "ತೊಗರಿ ಅಂತ ಇಡ್ರಿ, ಬ್ಯಾಳಿ ಅಂತ ಇಡ್ರಿ. ದನಕ್ಕ ಹಾಕೋ ಹೊಟ್ಟಿನ ಹೆಸರು ಇಡ್ತಾರೇನವ್ವಾ?" ಎಂದೆ. "ಬ್ಯಾಳಿ ಎಲ್ಲಾ ದೊಡ್ಡ ಕಂಪನಿಯವ್ರು ಒಯ್ದಾರ್ರೀ ಮಾವಾರ. ಉಳಿದದ್ದು ನಮಗ" ಎಂದಳು. ಇದು ಸ್ವತಂತ್ರ ಸಂಸ್ಥೆಯಂತೆ. ಎಲ್ಲದರಿಂದಲೂ ಸ್ವತಂತ್ರ, ದೊಡ್ಡ ಕಂಪನಿಗಳಿಂದ ಸ್ವತಂತ್ರ, ಸಿನಿಮಾದವರಿಂದ ಸ್ವತಂತ್ರ, ಆದಾಯದಿಂದಲಂತೂ ಸಂಪೂರ್ಣ ಸ್ವತಂತ್ರ. ನನ್ನ ಮಾಳಿಗೆಯ ಕೋಣೆಯೊಂದನ್ನು ಮಾತ್ರ ಅವಲಂಬಿಸಿತ್ತು.

ರಾಕ್ ಎಂದರೆ ಗದ್ದಲ ಎಂಬಷ್ಟು ತಿಳಿವಳಿಕೆ ನನಗೂ ಇತ್ತು. ಗದ್ದಲಕ್ಕೆ ನಾನು ಹೆದರುವವನಲ್ಲ. ಗಂಜಿನಲ್ಲಿ ಆಯುಷ್ಯ ಕಳೆದವನು. ಬರಲಿ, ಅವರ ಗಿಟಾರೋ ನನ್ನ ಗಂಟಲೋ ನೋಡಿಯೇಬಿಡೋಣ ಎಂದು ಸಜ್ಜಾಗಿ ಕೂತಿದ್ದೆ. ಆದರೆ ಬಂದದ್ದು ಗದ್ದಲವಲ್ಲ, ಮೌನ. ಈ ಮೋಸವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗಿಟಾರಿನ ವೈರು ನೇರ ಕಂಪ್ಯೂಟರಿಗೆ ಹೋಗುತ್ತದೆ, ಡ್ರಮ್ಮು ರಬ್ಬರಿನದು, ಹೊಡೆದರೆ ಶೇಂಗಾ ಸುಲಿದಷ್ಟು ಸದ್ದು. ಸಂಗೀತವೆಲ್ಲ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಒಳಗೆ. ಹೊರಗೆ ಕೇಳುವುದು ಹಾಡುವವನ ಬರಿಯ ದನಿ. ಗೋಡೆಗೆ ನಮ್ಮ ಮನೆಯ ಹೊದೆಯುವ ಕೌದಿಗಳನ್ನೆಲ್ಲ ತೂಗುಹಾಕಿದ್ದರೂ ಅದು ಅಷ್ಟಿಷ್ಟು ಕೆಳಗಿಳಿಯುತ್ತದೆ. ಹಿಂದಿಲ್ಲ ಮುಂದಿಲ್ಲ, ಒಬ್ಬ ಮನುಷ್ಯ ಒಮ್ಮೆಲೇ "ಆಆ..." ಎಂದು ಚೀರಿ ತಟ್ಟನೆ ಸುಮ್ಮನಾಗುತ್ತಾನೆ. ಮೊದಲ ವಾರ ಪಕ್ಕದ ಮನೆಯವರು, "ನಿಮ್ಮ ಮ್ಯಾಲ ಹಲ್ಲಿನ ಡಾಕ್ಟರ್ ಬಂದಾರೇನ್ರಿ?" ಎಂದು ವಿಚಾರಿಸಿಕೊಂಡು ಹೋದರು.

ಆ ಒಂದು ಚೀರಾಟದ ಪಾವಿತ್ರ್ಯಕ್ಕಾಗಿ ಉಳಿದವರೆಲ್ಲ ಮೂಕರಾಗಬೇಕು. ಕುಕ್ಕರ್ ಕೂಗಬಾರದು, ಬೇಳೆ ತೆರೆದ ಪಾತ್ರೆಯಲ್ಲಿ ಬೇಯತೊಡಗಿತು. (ರುಚಿ ಹೆಚ್ಚಾಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.) ಮಿಕ್ಸರ್ ಇಲ್ಲ, ಕರೆಗಂಟೆ ಇಲ್ಲ. ಇಷ್ಟಾದರೂ ಸಹಿಸಬಹುದಿತ್ತು. ಆದರೆ ಫ್ಯಾನೂ ಇಲ್ಲ! ಫ್ಯಾನಿನ ಗುಂಯ್ ಎಂಬುದು ಮೈಕಿಗೆ ಕೇಳುತ್ತದಂತೆ. ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಕೂತು, ಬೆವರು ಸುರಿಸುತ್ತ, ಕೆಮ್ಮು ನುಂಗುತ್ತ, ಇನ್ನೊಬ್ಬ ಚೀರುವುದನ್ನು ಕೇಳುವುದು ಯಾವ ಪುರಾಣದ ತಪಸ್ವಿಗೂ ಬಂದ ಕಷ್ಟವಲ್ಲ. ಅವರಿಗೆ ಕೊನೆಗೆ ದೇವರಾದರೂ ಪ್ರತ್ಯಕ್ಷನಾಗುತ್ತಿದ್ದ. ನಮಗೆ ನಸೀರ ಮೆಟ್ಟಿಲಲ್ಲಿ ಪ್ರತ್ಯಕ್ಷನಾಗಿ, "ಕಾಕಾ, ಯಾರೋ ಜೋರ್ ಉಸಿರು ಬಿಟ್ರು. ಔರ್ ಏಕ್ ಟೇಕ್" ಎನ್ನುತ್ತಿದ್ದ. ಅಂದರೆ ಹಾಡು ಮತ್ತೆ ಮೊದಲಿನಿಂದ.

ಸಂಸ್ಕೃತಿಯ ಮೇಲಿನ ಪ್ರಭಾವ ಎಂದರೆ ಇದು. ಮನೆಯಿಂದ ಅದು ಓಣಿಗೆ ಹಬ್ಬಿತು. ಸವಿತಾ ಬೀದಿಯ ಕಡೆಗೂ ಒಂದು ಕೆಂಪು ದೀಪ ಹಾಕಿಸಿ, ಮನೆಮನೆಗೆ ಹೋಗಿ ಕೈಮುಗಿದು ವಿನಂತಿಸಿಕೊಂಡಳು. ಓದಿದ ಹೆಣ್ಣುಮಗಳು ಕೈಮುಗಿದರೆ ಇಲ್ಲವೆನ್ನುವವರು ಯಾರು? ತರಕಾರಿಯ ಮಾರುತಿ, ಊರಗಲ ಬಾಯಿ ಮಾಡಿ "ಬದ್ನಿಕಾಯ್" ಎಂದು ಕೂಗುತ್ತಿದ್ದವನು, ದೀಪ ಕಂಡರೆ ಬದನೆಕಾಯಿಯನ್ನು ಮೇಲಕ್ಕೆತ್ತಿ ಹಿಡಿದು ನಿಲ್ಲತೊಡಗಿದ. ಹೆಂಗಸರು ಬಾಗಿಲಲ್ಲಿ ಬೆರಳು ತೋರಿಸುತ್ತಾರೆ, ಅವನು ತಲೆಯಾಡಿಸುತ್ತಾನೆ, ವ್ಯಾಪಾರ ಮುಗಿಯುತ್ತದೆ. ಎದುರು ಮನೆಯ ಇಬ್ಬರು ಅಣ್ಣತಮ್ಮಂದಿರಿಗೆ ನೀರಿನ ಮೋಟರಿನ ಸಲುವಾಗಿ ವರ್ಷಗಳ ಜಗಳವಿತ್ತು. ಒಂದು ದಿನ ತಮ್ಮನ ಕೊರಳಪಟ್ಟಿ ಹಿಡಿದ ಅಣ್ಣ ದೀಪ ನೋಡಿ, ಪಿಸುದನಿಯಲ್ಲಿ, "ಆ ದೀಪ ಆರ್ಲಿ, ಆಮ್ಯಾಲ ಅದ ನಿನಗ" ಎಂದ. ಅಂದಿನ ಹಾಡು ಉದ್ದವಾಗಿತ್ತು. ದೀಪ ಆರುವ ಹೊತ್ತಿಗೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಂದು ತೊಟ್ಟಿಲು ಕಾರ್ಯದಲ್ಲಂತೂ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಯಾರದೋ ಫೋನು ಹೊಡೆದುಕೊಂಡಿತು. ಮುತ್ತೈದೆಯರೆಲ್ಲ ಒಕ್ಕೊರಲಿನಿಂದ, "ಇನ್ನೊಂದ್ ಟೇಕ್ ಆಗ್ಲಿ!" ಎಂದರು. ಆ ಕೂಸಿಗೆ ಎರಡು ಸಲ ಹೆಸರಿಟ್ಟಿದ್ದಾರೆ. ಹೊಟ್ಟು ರೆಕಾರ್ಡ್ಸಿನ ಒಂದು ಹಾಡನ್ನೂ ಕೇಳಿರದ ಜನ ಇವರು. ಹಾಡು ಕೇಳದೆಯೇ ಬದಲಾದರು.

ನಾನೊಬ್ಬನೇ ಬದಲಾಗಲಿಲ್ಲ. ಬೆಳಗಿನ ಹೊತ್ತೇ ಸವಿತಾಗೆ ಬಿಡುವು, ಕಾಲೇಜಿಗೆ ಹೋಗುವ ಮುಂಚೆ. ಬೆಳಗಿನ ಹೊತ್ತೇ ನನ್ನ ಪತ್ರಿಕೆ. ಹೀಗಾಗಿ ಪತ್ರಿಕೆಯನ್ನು ಮನಸ್ಸಿನಲ್ಲಿ ಓದಬೇಕಾಯಿತು. ಮನಸ್ಸಿನಲ್ಲಿ ಓದಿದ ಸುದ್ದಿ ನನಗೆ ನಿಜವೆನಿಸುವುದಿಲ್ಲ. ಕೊನೆಗೊಂದು ದಿನ ಊಟದ ಹೊತ್ತಿಗೆ ಸ್ಫೋಟಿಸಿದೆ. "ಈ ಮನ್ಯಾಗ ನನ್ನ ದನಿಗಿ ಜಾಗ ಅದನೋ ಇಲ್ಲೋ, ಇವತ್ತ ತೀರ್ಮಾನ ಆಗಿಬಿಡ್ಲಿ" ಎಂದೆ. ಶಾಂತಾಬಾಯಿ ತಟ್ಟೆಗೆ ರೊಟ್ಟಿ ಹಾಕುತ್ತ, "ಮೊದಲ ಉಣ್ರಿ, ದನಿ ಎಲ್ಲಿ ಓಡಿ ಹೋಗ್ತದ" ಎಂದಳು. ಆದರೆ ಸವಿತಾ ಗಂಭೀರವಾಗಿ ಕೇಳಿಸಿಕೊಂಡಳು. ಆಮೇಲೆ ಒಂದು ಒಪ್ಪಂದ ಮುಂದಿಟ್ಟಳು.

ಆಗ ಅವರು ಮುದ್ರಿಸುತ್ತಿದ್ದುದು ಕಮಲಾಪುರದ ರೇವಣಸಿದ್ಧನ ಹಾಡು. ಅವನು ಕೆಂಪು ಬಾಳೆ ಬೆಳೆದು ಸಂತೆಯಲ್ಲಿ ತಾನೇ ಮಾರುವವನು, ಉಳಿದ ಹೊತ್ತಿನಲ್ಲಿ ರಾಕ್ ಹಾಡುವವನು. ಮೇಲಿನಿಂದ ಕೇಳಿಬರುತ್ತಿದ್ದ ಚೀರಾಟದ ಕರ್ತೃ ಅವನೇ. ಹಾಡು ಬಜಾರಿನ ಕುರಿತದ್ದು. ನಡುವೆ ಎಲ್ಲ ವಾದ್ಯಗಳೂ ನಿಂತು ಒಂದು ಖಾಲಿ ಜಾಗ ಬರುತ್ತದಂತೆ. "ಅಲ್ಲಿ ನಿಮ್ಮ ಸವಾಲು ಬೇಕ್ರೀ ಮಾವಾರ. ನೀವು ಕೂಗೋದು ನಾ ಕೇಳೇ ಇಲ್ಲ, ಅತ್ತಿಯವ್ರು ಹೇಳೋದಷ್ಟ ಕೇಳೀನಿ. ನೀವು ಅದನ್ನ ಕೂಗಿ ಕೊಟ್ರ ಮುಂಜಾನಿ ಹೊತ್ತು ನಿಮ್ದು. ನಾವು ಸಂಜಿಗಿ ಮಾಡ್ಕೋತೀವಿ" ಎಂದಳು. ನಾನು ಕೂಡಲೇ ಒಪ್ಪಿದೆ. ಉಸಿರಾಡಿದಷ್ಟೇ ಸುಲಭದ ಕೆಲಸವಲ್ಲವೇ? ಆ ಮನೆಯಲ್ಲಿ ಉಸಿರಾಡುವುದು ಸುಲಭವಲ್ಲ ಎಂಬುದು ಆ ಕ್ಷಣ ಮರೆತಿತ್ತು.

ಮರುದಿನ ಬೆಳಿಗ್ಗೆ ಕೌದಿಗಳ ನಡುವೆ, ಮೈಕಿನ ಮುಂದೆ ನಿಂತೆ. ನಸೀರ ಹೆಬ್ಬೆರಳು ಎತ್ತಿದ. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೆ ತೆರೆದೆ. ಆಕಳಿಕೆ ಬಂತು. "ಯಾರಿಗಿ ನೋಡಿ ಕೂಗ್ಲೋ ನಸೀರ?" ಎಂದೆ. "ಮೈಕಿಗಿ ನೋಡ್ರಿ ಕಾಕಾ." ಮೈಕಿಗೆ ಕಿವಿ ತುರಿಸಿಕೊಳ್ಳಲು ಬರುತ್ತದೆಯೇ? ಸವಾಲೆಂದರೆ ಎದುರಿನ ಖರೀದಿದಾರ ಕಿವಿ ತುರಿಸಿಕೊಂಡರೆ, ಮೀಸೆ ಮುಟ್ಟಿದರೆ, ಸುಮ್ಮನೆ ಆಕಾಶ ನೋಡಿದರೆ ಅದರಿಂದ ಬೆಲೆ ಎಬ್ಬಿಸುವ ವಿದ್ಯೆ. ಎದುರಿಗೆ ರಾಶಿಯೂ ಬೇಕು. ಕಷ್ಟ ನೋಡಲಾರದೆ ಶಾಂತಾಬಾಯಿ ಒಂದು ಮೊರದ ತುಂಬ ತೊಗರಿಬೇಳೆ ತಂದು ಕಾಲ ಬುಡದಲ್ಲಿಟ್ಟಳು. ಇಡಿಯ ತೊಗರಿಗಲ್ಲದೆ ಬೇಳೆಗೆ ನಾನು ಎಂದೂ ಸವಾಲು ಕೂಗಿದವನಲ್ಲ. ಆದರೂ ಅಭ್ಯಾಸಬಲದಿಂದ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದೆ. "ಥೂ, ಯಾವ ಅಂಗಡೀದು ಈ ಬ್ಯಾಳಿ? ಹುಳ ಹತ್ಯಾವ!" ಎಂದು ಕೂಗಿದೆ. ಆಗ ಬಂದದ್ದು ನಿಜವಾದ ಗಂಜಿನ ದನಿ. "ನಿಮ್ಮ ಮಗನ ಅಂಗಡೀದ ಅದ. ಹುಳ ಇದ್ರ ಅವನಿಗಿ ಹೋಗಿ ಕೇಳ್ರಿ" ಎಂದು ಶಾಂತಾಬಾಯಿ ಮೊರ ಎತ್ತಿಕೊಂಡು ಇಳಿದುಹೋದಳು. ನಸೀರ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡ.

ಮನೆಯೊಳಗೆ ಆಗದು, ಓಣಿಗೆ ಹೋಗೋಣ, ಜನರಿದ್ದರೆ ಕಳೆ ಬರುತ್ತದೆ ಎಂದೆ. ಮೈಕು ಕಟ್ಟೆಗೆ ಬಂತು. ಮಾರುತಿಯ ಗಾಡಿಯ ಬದನೆಕಾಯಿ ರಾಶಿ ಎದುರಿಗೆ. ಓಣಿಯ ಜನವೆಲ್ಲ ನೆರೆದರು. ಮೈಕು ಕಂಡದ್ದೇ ತಡ, ಎಲ್ಲರೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು ನಿಂತರು. ಕೂಸುಗಳು ಕೂಡ. ಎದುರು ಮನೆಯ ಅಣ್ಣ ತಮ್ಮನ ಬಾಯಿಯನ್ನು ಕೈಯಿಂದ ಮುಚ್ಚಿ ಹಿಡಿದಿದ್ದ. "ಮಾತಾಡ್ರಪ್ಪಾ, ಬೆಲಿ ಏರಿಸ್ರಿ!" ಎಂದು ಬೇಡಿಕೊಂಡೆ. ಬೆಲೆ ಏರಿತು, ಒಬ್ಬರು ಒಂದು ಬೆರಳು ಎತ್ತಿದರು, ಇನ್ನೊಬ್ಬರು ಎರಡು. ಹೂ ಅರಳಿದಷ್ಟು ಸದ್ದೂ ಇಲ್ಲ. ಈ ಓಣಿಯನ್ನು ಇಂಥ ಶಿಸ್ತಿಗೆ ತಂದ ಸೊಸೆಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ, "ಇಷ್ಟ ಛಲೋ ಕಲ್ತಾರಂತ ನನಗೂ ಗೊತ್ತಿರ್ಲಿಲ್ರೀ ಮಾವಾರ" ಎಂದಳು.

ಉಳಿದದ್ದು ಒಂದೇ ದಾರಿ: ಹೊಟ್ಟು ರೆಕಾರ್ಡ್ಸಿನ ನಾಗರಿಕತೆ ಇನ್ನೂ ಮುಟ್ಟಿರದ ಜಾಗಕ್ಕೆ ಹೋಗುವುದು. ಕಮಲಾಪುರದ ಸಂತೆಯ ದಿನ ಸವಿತಾ, ನಸೀರ, ನಾನು ಬಸ್ಸು ಹತ್ತಿದೆವು. ಸಂತೆಗೆ ಕಾಲಿಟ್ಟ ಕೂಡಲೇ ನನ್ನ ಎದೆ ತುಂಬಿ ಬಂತು. ಎಲ್ಲರೂ ಕೂಗುತ್ತಿದ್ದರು. ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಎಂಥ ಸುಸಂಸ್ಕೃತ ಸಮಾಜ! ರೇವಣಸಿದ್ಧನ ಗಾಡಿಯ ಮೇಲೆ ಕೆಂಪು ಬಾಳೆಯ ಗೊನೆಗಳು. ನಾನು ಪಕ್ಕದ ಕಲ್ಲಿನ ಮೇಲೆ ಹತ್ತಿ ಪಂಚೆ ಬಿಗಿದುಕೊಂಡೆ. ಎದುರಿಗೆ ಒಬ್ಬ ಮುದುಕ ಕಿವಿ ತುರಿಸಿಕೊಂಡ. ಅಷ್ಟೇ ಸಾಕಾಯಿತು. ಗಂಟಲು ತಾನಾಗಿ ತೆರೆಯಿತು. ಗೊನೆಯ ಬಣ್ಣ ವರ್ಣಿಸಿದೆ, ರುಚಿ ವರ್ಣಿಸಿದೆ, ಬೆಲೆ ಎತ್ತಿದೆ, ಜನ ಸೇರಿದರು, ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. "ಒಂದ್ ಸಾರಿ! ಎರಡ್ ಸಾರಿ! ಮೂರ್ ಸಾರಿ!" ಗೊನೆ ಯಾರದೋ ಹೆಗಲೇರಿ ಹೋಗಿಯೂ ಬಿಟ್ಟಿತು. ರೇವಣಸಿದ್ಧ ಬಾಯಿ ತೆರೆದು ನೋಡುತ್ತಿದ್ದ. "ಯಪ್ಪಾ, ನೀವು ವಾರಾ ವಾರಾ ಬರ್ರಿ" ಎಂದ. ಸವಿತಾಳ ಕಣ್ಣಲ್ಲಿ ನೀರಿತ್ತು. "ಇದ ಬೇಕಾಗಿತ್ರೀ ಮಾವಾರ. ಒಂದ ಟೇಕಿಗಿ ಓಕೆ" ಎಂದಳು.

ಅಲ್ಲಿಗೇ ನಾನು ಕಲ್ಲಿನಿಂದ ಇಳಿದು ಬಸ್ಸು ಹತ್ತಿದ್ದರೆ ಈ ಪ್ರಬಂಧವನ್ನು ತಲೆಯೆತ್ತಿ ಮುಗಿಸಬಹುದಿತ್ತು. ಆದರೆ ನಸೀರ, "ಕೇಳ್ತೀರೇನ್ ಕಾಕಾ?" ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದ. ಜೀವಮಾನವೆಲ್ಲ ಕೂಗಿದವನು ನನ್ನ ಕೂಗನ್ನು ನಾನು ಕೇಳಿದ್ದು ಅದೇ ಮೊದಲು. ಆಹಾ! ಇಂಥ ದನಿ ಇಷ್ಟು ವರ್ಷ ತೊಗರಿಗೆ ವೆಚ್ಚವಾಯಿತಲ್ಲ ಎನಿಸಿತು. ಕಣ್ಣು ಮುಚ್ಚಿ ಕೇಳುತ್ತಿದ್ದಂತೆ "ಮೂರ್ ಸಾರಿ" ಎಂಬಲ್ಲಿ, ಸರಿಯಾಗಿ "ಮೂರ್" ಎಂಬುದರ ಮೇಲೆ, ಯಾವಳೋ ಮುದುಕಿ "ನಿಂಬೆಹಣ್ಣ ಒಯ್ಯವ್ವಾ" ಎಂದದ್ದು ಸ್ಪಷ್ಟವಾಗಿ ಬಂದಿತ್ತು. "ಇದು ಆಗಂಗಿಲ್ಲ. ಇನ್ನೊಂದ್ ಟೇಕ್" ಎಂದೆ. "ಬ್ಯಾಡ್ರೀ ಮಾವಾರ, ಅದ ಛಂದ ಅದ. ಸಂತಿ ಅಂದ್ಮ್ಯಾಲ ನಾಕ್ ದನಿ ಇರ್ತಾವ" ಎಂದು ಸವಿತಾ ಕೈಮುಗಿದಳು. "ನಿನಗ ತಿಳೀಲಿಲ್ಲ ಸುಮ್ಮಿರವ್ವಾ. ದನಿ ಸ್ವಚ್ಛ ಇರಬೇಕು" ಎಂದೆ. ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯೂ ನನಗಿರಲಿಲ್ಲ. ಮತ್ತೆ ಕಲ್ಲು ಹತ್ತಿದೆ. ಎರಡೂ ಕೈ ಮೇಲೆತ್ತಿದೆ. ಇಡೀ ಕಮಲಾಪುರದ ಸಂತೆಯನ್ನು ಉದ್ದೇಶಿಸಿ, "ಶ್ಶ್! ಎಲ್ಲಾರೂ ಸ್ವಲ್ಪ ಹೊತ್ತು ಸುಮ್ಮನಿರ್ರಿ!" ಎಂದೆ.

ಅಚ್ಚರಿಯಿಂದ ಸಂತೆ ಒಂದು ಕ್ಷಣ ನಿಂತೇಬಿಟ್ಟಿತು. ಆ ಕ್ಷಣದಲ್ಲಿ ನಿಂಬೆಹಣ್ಣಿನ ಮುದುಕಿ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು. "ಯಾಕಪ್ಪಾ ಮಾಲಕಾ, ಸಂತಿ ಅಂದ್ರ ನಿನ್ನ ಮನಿ ಪಡಸಾಲಿ ಅಂತ ತಿಳಕೊಂಡೀಯೇನು? ಸುಮ್ಮನಿರೋರು ಸಂತಿಗಿ ಯಾಕ ಬರಬೇಕು? ಮನ್ಯಾಗ ಕುಂದ್ರು ಹೋಗು!" ಎಂದಳು. ಸಂತೆಗೆ ಸಂತೆಯೇ ನಕ್ಕಿತು. ನಗು ಆ ತುದಿಯ ಮೆಣಸಿನಕಾಯಿಯವರವರೆಗೂ ಹೋಗಿ ಮರಳಿ ಬಂತು. ನಸೀರನ ಧ್ವನಿಮುದ್ರಣ ಯಂತ್ರ ನಡೆಯುತ್ತಲೇ ಇತ್ತು.

ಹಾಡು ಬಿಡುಗಡೆಯಾಗಿದೆ. ಅದರ ನಡುವೆ ವಾದ್ಯಗಳೆಲ್ಲ ನಿಲ್ಲುತ್ತವೆ. ಆ ಖಾಲಿ ಜಾಗದಲ್ಲಿ ನನ್ನ ಸವಾಲಿಲ್ಲ. ಇರುವುದು ನನ್ನ "ಶ್ಶ್", ಮುದುಕಿಯ ಬೈಗುಳ, ಸಂತೆಯ ನಗು. ಅದರ ಬೆನ್ನಿಗೇ ಗಿಟಾರು ಧಡ್ಡೆಂದು ಬೀಳುತ್ತದೆ. ಕಮಲಾಪುರದ ಬಸ್ಸಿನಲ್ಲಿ ಹುಡುಗರು ಫೋನಿನಲ್ಲಿ ಅದನ್ನು ಹಾಕಿಕೊಂಡು, ಆ ಜಾಗ ಬಂದಾಗ ಎಲ್ಲರೂ ಸೇರಿ ಮುದುಕಿಯ ಮಾತು ಹೇಳುತ್ತಾರಂತೆ. ರಾಶಿ ರಾಶಿ ತೊಗರಿಗೆ ಕೂಗಿದ ಗಂಟಲು ಇದು. ಲೋಕಕ್ಕೆ ಪರಿಚಯವಾದದ್ದು ಗಂಟಲೇ ಬೇಕಿಲ್ಲದ ಒಂದು ಸದ್ದಿನಿಂದ. ಸಿಟ್ಟಿನಿಂದ ಕೇಳಿದರೆ ಸವಿತಾ, "ಸವಾಲೂ ಛಲೋ ಇತ್ರೀ ಮಾವಾರ. ಆದ್ರ ಇದು ಖರೇ ಇತ್ತು" ಎಂದಳು. ಆದರೂ ಮಾತಿಗೆ ತಪ್ಪುವ ಹೆಣ್ಣುಮಗಳಲ್ಲ. ಕೇಳಿದ್ದನ್ನು ಕೂಗಿಕೊಟ್ಟಿರಿ, ಬೆಳಗಿನ ಹೊತ್ತು ನಿಮ್ಮದು ಎಂದು ಕೆಲಸವನ್ನೆಲ್ಲ ಸಂಜೆಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಫ್ಯಾನ್ ಹಾಕಿಕೊಂಡು, ಚಹಾ ಮುಗಿಸಿ, ಪತ್ರಿಕೆ ಬಿಡಿಸಿ ಪಡಸಾಲೆಯಲ್ಲಿ ಕೂತೆ. ಮನಸಾರೆ ಕೆಮ್ಮಿದೆ. ತಲೆಯೆತ್ತಿ ನೋಡಿದರೆ ಕಿಟಕಿಯಾಚೆ ಓಣಿಯ ಜನ. ಮಾರುತಿ ಗಾಡಿ ನಿಲ್ಲಿಸಿದ್ದ, ಎದುರು ಮನೆಯ ಅಣ್ಣತಮ್ಮಂದಿರೂ ಬಂದಿದ್ದರು, ಅವರ ಹಿಂದೆ ಹೆಂಗಸರು, ಮಕ್ಕಳು. "ಕಾಕಾ, ಒಮ್ಮಿ ಅದನ್ನ ಮಾಡಿ ತೋರ್ಸ್ರೀ" ಎಂದು ಮಾರುತಿ ಗೋಗರೆದ. ಕಲಾವಿದನಾದವನು ಅಭಿಮಾನಿಗಳಿಗೆ ಇಲ್ಲವೆನ್ನಬಾರದು. ಎರಡೂ ಕೈ ಮೇಲೆತ್ತಿ, "ಶ್ಶ್!" ಎಂದೆ. ಇಡೀ ಓಣಿ ಸುಮ್ಮನಾಯಿತು. ಒಳಗೆ ಶಾಂತಾಬಾಯಿಯ ಲಟ್ಟಣಿಗೆ ಕೂಡ ನಿಂತಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತ ಕಾದರು. ನಾನು ಮೊದಲ ಪುಟ ನೋಡಿದೆ, ಎರಡನೆಯದು ನೋಡಿದೆ, ಕ್ರೀಡೆಯ ಪುಟದವರೆಗೂ ತಿರುವಿದೆ. ಅಂಥ ಮೌನದಲ್ಲಿ ಓದಲು ಯೋಗ್ಯವಾದ ಸುದ್ದಿ ಆ ಪತ್ರಿಕೆಯಲ್ಲಿ ಒಂದೂ ಇರಲಿಲ್ಲ.